ಹೆಡ್‌ಮೇಡಂಗೆ ಮೂಡಿದ ಹಲ್ಲು

ಆ ಮನೆಯಲ್ಲಿ ಒದ್ದೆಯಾಗದೆ ಉಳಿದದ್ದು ಎಂದರೆ ಸೀಲಿಂಗ್ ಫ್ಯಾನ್ ಒಂದೇ. ಅದಕ್ಕಿಂತ ಕೆಳಗಿದ್ದದ್ದೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಮೊಮ್ಮಗನ ಬಾಯಿಗೆ ಹೋಗಿ ಬಂದಿತ್ತು. ಕುರ್ಚಿಯ ಕಾಲು, ಟಿವಿ ರಿಮೋಟು, ಅಜ್ಜಿಯ ಕೊಡೆಯ ಹಿಡಿ, ಬಾಗಿಲಿನ ಕಾಲೊರಸು, ಕರೆಂಟ್ ಬಿಲ್ಲು, ಕೊನೆಗೆ ತಾತನ ಎಡಗಾಲಿನ ಹೆಬ್ಬೆರಳು. ಹತ್ತು ತಿಂಗಳು ತುಂಬಿದ ಆ ಪುಣ್ಯಾತ್ಮನ ಬಾಯಲ್ಲಿ ಒಂದೇ ಒಂದು ಹಲ್ಲಿರಲಿಲ್ಲ. ಹಲ್ಲಿಲ್ಲದೆಯೇ ಇಷ್ಟು ಪ್ರತಾಪ. ಅಪ್ಪ ಅಮ್ಮ ತಿಂಗಳುಗಟ್ಟಲೆ ಹುಡುಕಿ ಇಟ್ಟ ಚೆಂದದ ಹೆಸರು ಆಸ್ಪತ್ರೆಯ ಕಾಗದದಲ್ಲೇ ಉಳಿಯಿತು. ಅಜ್ಜಿ ಇಟ್ಟ ‘ಹೆಗ್ಗಣ’ ಎಂಬ ಹೆಸರು ಮನೆಯಲ್ಲಿ ನಿಂತಿತು.

ಇನ್ನು ತಾತನ ಕಸುಬು ಕೇಳಿ ನಗಬೇಡಿ. ಅವರು ಹಲ್ಲು ಮಾಡುವವರು. ಹಲ್ಲಿನ ಡಾಕ್ಟರಲ್ಲ, ಡಾಕ್ಟರು ಬಾಯಿ ನೋಡಿ ಅಚ್ಚು ತೆಗೆದು ಕಳಿಸುತ್ತಾರೆ, ತಾತ ಆ ಬಾಯಿಯನ್ನು ಕಣ್ಣಿನಿಂದಲೂ ನೋಡದೆ ಅದಕ್ಕೆ ಒಪ್ಪುವ ಹಲ್ಲು ಸೆಟ್ ಮಾಡಿ ಕೊಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಗೆ ಒತ್ತಿದಂತೆ ಉದ್ದನೆಯ ಮೇಜು, ಅದರ ಮೇಲೆ ಪ್ಲಾಸ್ಟರಿನ ದವಡೆಗಳ ಸಾಲು, ಸ್ಪಿರಿಟ್ ದೀಪ, ಮೇಣ ಕೆತ್ತುವ ಚೂರಿಗಳು, ಬಣ್ಣ ಮತ್ತು ಅಳತೆಯ ಪ್ರಕಾರ ಹಲ್ಲುಗಳನ್ನು ಜೋಡಿಸಿಟ್ಟ ಚಿಕ್ಕ ಚಿಕ್ಕ ಡಬ್ಬಿಗಳು. ನಲವತ್ತು ವರ್ಷದಿಂದ ಇದೇ ಕೆಲಸ. ಊರಿನ ಅರ್ಧಕ್ಕರ್ಧ ಮುದುಕರು ನಗುವುದು ತನ್ನ ಕೈಯ ನಗು ಎಂಬ ಜಂಬ ಅವರಿಗೆ ಸ್ವಲ್ಪ ಇತ್ತು, ಇರಲಿ ಬಿಡಿ.

“ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರೆ,” ಎನ್ನುತ್ತಿದ್ದರು ಅಜ್ಜಿ. “ನಮ್ಮನೇಲಿ ನೋಡಿ, ಡಬ್ಬಿಗಟ್ಟಲೆ ಹಲ್ಲಿದೆ, ಈ ಹೆಗ್ಗಣದ ಬಾಯಿ ಮಾತ್ರ ಬೋಳು.”

ಆ ವಾರ ತಾತನಿಗೆ ಪರೀಕ್ಷೆಯ ವಾರ. ಮಗಳು ಲಿಫ್ಟ್ ರಿಪೇರಿ ಮಾಡುವವಳು. ಹೆರಿಗೆ ರಜೆ, ಅದರ ಬಾಲಕ್ಕೆ ಕಟ್ಟಿದ ರಜೆ, ಎಲ್ಲ ಮುಗಿದು ಸೋಮವಾರದಿಂದ ಕೆಲಸಕ್ಕೆ ಹೊರಟಿದ್ದಳು. ಅಳಿಯ ರೈಲಿನ ಗಾರ್ಡು, ವಾರಕ್ಕೆ ಎರಡು ದಿನ ಮನೆ ಕಂಡರೆ ಹೆಚ್ಚು. ಅಜ್ಜಿಗೆ ಗ್ರಂಥಾಲಯದ ಕೌಂಟರಿನಲ್ಲಿ ಇನ್ನೂ ಎರಡು ವರ್ಷದ ನೌಕರಿ. ಮಗಳ ಆಫೀಸಿನ ಪಕ್ಕದಲ್ಲೇ ಒಂದು ಡೇಕೇರ್ ಇತ್ತು, ಮಗುವಿಗೊಂದು ಜಾಗವೂ ಅಲ್ಲಿ ಖಾಲಿ ಇತ್ತು. ಆದರೆ ತಾತ ಮಗಳ ಹಿಂದೆ ಹಿಂದೆ ಸುತ್ತಿ, “ನಾನು ಇಡೀ ದಿನ ಮನೇಲೇ ಇರ್ತೀನಲ್ಲಮ್ಮ, ನನ್ನ ಹತ್ರ ಬಿಡು,” ಎಂದು ಹಟ ಹಿಡಿದಿದ್ದರು.

“ಒಂದು ವಾರ ನೋಡೋಣ ಅಪ್ಪ,” ಎಂದಿದ್ದಳು ಮಗಳು. “ಆದ್ರೆ ನಿಮ್ಮ ಮೇಜಿನ ಮೇಲಿರೋ ಒಂದೇ ಒಂದು ಸಾಮಾನೂ ಇವನ ಬಾಯಿಗೆ ಹೋಗಬಾರದು. ಆ ಹಲ್ಲುಗಳು ಎಷ್ಟು ಚಿಕ್ಕವು, ಗಂಟಲಲ್ಲಿ ಸಿಕ್ಕಿಕೊಂಡ್ರೆ ಏನು ಗತಿ? ಬಾಗಿಲು ಸರಿಯಾಗಿ ಮುಚ್ಚದ ಲಿಫ್ಟು ಕಂಡರೆ ನಾವು ಎರಡನೇ ಸಲಕ್ಕೆ ಕಾಯಲ್ಲ. ಅಲ್ಲಿಗೇ ನಿಲ್ಲಿಸ್ತೀವಿ.”

ತಾತ ತಲೆಯಾಡಿಸಿದರು. ಅವರಿಗೆ ಆ ಮಗು ಬೇಕಿತ್ತು, ವಿಷಯ ಅಷ್ಟೇ. ಇದೇ ಮಗಳು ಕೂಸಾಗಿದ್ದಾಗ ಅವರು ಇನ್ನೊಬ್ಬರ ಕೈಕೆಳಗೆ ದುಡಿಯುತ್ತಿದ್ದರು. ಮಗು ಏಳುವ ಮೊದಲೇ ಹೊರಟು, ಮಲಗಿದ ಮೇಲೆ ಮನೆಗೆ ಬರುತ್ತಿದ್ದರು. ಮಗಳ ಮೊದಲ ಹಲ್ಲು ಅವರ ಕಣ್ಣಿಗೆ ಬೀಳುವ ಹೊತ್ತಿಗೆ ಅದಕ್ಕೆ ಮೂರು ಜನ ಒಡಹುಟ್ಟಿದವರು ಬಂದಾಗಿತ್ತು. ಊರಿಗೆಲ್ಲ ಹಲ್ಲು ಕೊಟ್ಟವನು ಮಗಳ ಹಲ್ಲು ನೋಡಲಿಲ್ಲ ಎಂದು ಮನೆಯವರ ಮುಂದೆ ನೂರು ಸಲ ಹೇಳಿಕೊಂಡು ಕೊರಗಿದ್ದರು.

ಹಾಗಾಗಿ ಸೋಮವಾರದಿಂದ ತಾತ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಹೆಗ್ಗಣವೇನು ಸುಮ್ಮನೆ ಕೂರುವ ಪೈಕಿಯೇ? ಸೋಮವಾರ ಕಿಟಕಿಯ ಪರದೆಯ ಒಂದು ಮೂಲೆ ಹೀರಿ ಮುಗಿಸಿದ. ಮಂಗಳವಾರ ಅಜ್ಜಿ ತಂದಿದ್ದ ಗ್ರಂಥಾಲಯದ ಪುಸ್ತಕದ ಬೆನ್ನು ಜಗಿದ; ಎರವಲು ಪಡೆದವರಿಗೆಲ್ಲ ಪುಸ್ತಕ ಜೋಪಾನ ಎಂದು ಉಪದೇಶ ಮಾಡುವ ಅಜ್ಜಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಲಸಕ್ಕೆ ಹೋದರು. ಬುಧವಾರ ಹಾಸಿಗೆಯ ಜಿಪ್ಪು. ಮೇಜಿನ ಸಾಮಾನು ಮಾತ್ರ ಒಂದೂ ಕದಲಲಿಲ್ಲ. ದಿನಾ ಬೆಳಗ್ಗೆ ತಾತ ಕೈ ತೊಳೆದು, ಕಿರುಬೆರಳನ್ನು ಮಗುವಿನ ವಸಡಿನ ಮೇಲೆ ಒಂದು ಸುತ್ತು ಓಡಿಸುತ್ತಿದ್ದರು. ಮೂರು ದಿನವೂ ವಸಡು ನುಣ್ಣಗಿತ್ತು.

ಗುರುವಾರ ಬೆಳಗ್ಗೆ ಆ ಬೆರಳೋಡಿಸುವ ಕೆಲಸ ತಪ್ಪಿತು. ಹಲ್ಲಿನ ಡಾಕ್ಟ್ರಮ್ಮನ ಕಡೆಯಿಂದ ಹೆಡ್‌ಮೇಡಂ ಅವರ ಡಬ್ಬಿ ಬಂದಿತ್ತು. ಹೆಡ್‌ಮೇಡಂ ಎಂದರೆ ಊರಿನ ಶಾಲೆಗೆ ಇಪ್ಪತ್ತು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಈಗ ಎಪ್ಪತ್ತೆಂಟು. ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡು, ಹೊಸ ಸೆಟ್ ಬರುವವರೆಗೆ ಮನೆಯಿಂದ ಹೊರಗೆ ಬರಲಾರೆ ಎಂದು ಕೂತಿದ್ದರು. ಭಾನುವಾರ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಭೆ, ಇವರದೇ ಭಾಷಣ. ಹಲ್ಲಿಲ್ಲದೆ ಬಾಯಿ ತೆರೆಯುವ ಪ್ರಶ್ನೆಯೇ ಇಲ್ಲವಂತೆ.

ಡಬ್ಬಿಯಲ್ಲಿ ಎರಡು ಮೇಣದ ಲಾಳಗಳಿದ್ದವು, ಮೇಲ್ದವಡೆಗೊಂದು, ಕೆಳದವಡೆಗೊಂದು. ಹಲ್ಲಿಲ್ಲದವರ ಬಾಯಲ್ಲಿ ಇವನ್ನಿಟ್ಟು ಕಚ್ಚಿಸಿದರೆ ದವಡೆಗಳು ಹೇಗೆ ಕೂಡುತ್ತವೆ ಎಂಬುದು ಮೇಣದಲ್ಲಿ ಮೂಡುತ್ತದೆ. ತಾತನಿಗೆ ಅದೇ ಆಧಾರ. ಲಾಳಗಳನ್ನು ಸ್ಟೂಲಿನ ಮೇಲಿಟ್ಟರು. ಅಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿದ ಸದ್ದು. ಅಡುಗೆಮನೆಗೆ ಓಡಿದರು, ಬಂದರು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ, ಎಂದು ಅವರ ಲೆಕ್ಕ. ಉಕ್ಕಿದ ಹಾಲು ಒರೆಸಿದ್ದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೇಲಿನ ಲಾಳ ನೆಲದ ಮೇಲಿತ್ತು. ಹೆಗ್ಗಣ ಅದರಿಂದ ಮೂರು ಮಾರು ದೂರದಲ್ಲಿ ತಾತನ ಚಪ್ಪಲಿಯ ಪಟ್ಟಿ ಬಾಯಲ್ಲಿಟ್ಟುಕೊಂಡು, ಬಾಯಿಗೆ ಬೆರಳಿಟ್ಟರೆ ಕಚ್ಚಲೂ ಬಾರದವನ ಹಾಗೆ ಕೂತಿದ್ದ. ಲಾಳ ಜಾರಿ ಬಿದ್ದಿರಬೇಕು ಎಂದುಕೊಂಡು ತಾತ ಎತ್ತಿಕೊಂಡರು. ಸ್ವಲ್ಪ ಒದ್ದೆಯಿತ್ತು. ಆದರೆ ಆ ಮನೆಯಲ್ಲಿ ಒದ್ದೆ ಎನ್ನುವುದು ಯಾವುದಕ್ಕೂ ಸಾಕ್ಷಿಯಾಗುವ ಕಾಲ ಮುಗಿದಿತ್ತು. ಒರೆಸಿಟ್ಟು, ಚಪ್ಪಲಿ ಕಿತ್ತುಕೊಂಡರು.

ಮಧ್ಯಾಹ್ನ ಮಗು ಚಾಪೆಯ ಮೇಲೆ ನಿದ್ದೆಹೋದ ಮೇಲೆ ತಾತ ಭೂತಗನ್ನಡಿ ಹಿಡಿದು ಮೇಣ ನೋಡಲು ಕೂತರು. ಮೇಲಿನ ಲಾಳದ ಮುಂಭಾಗದಲ್ಲಿ, ಕಚ್ಚುವ ಅಂಚಿನ ಮೇಲೆ, ಒಂದು ಗೆರೆ ಕಂಡಿತು. ಅಕ್ಕಿಕಾಳಿಗಿಂತ ಚಿಕ್ಕದು, ನೇರವಾದದ್ದು, ಹರಿತವಾದದ್ದು. ಉಗುರಿನ ಗುರುತಲ್ಲ, ಚೂರಿಯದೂ ಅಲ್ಲ. ಮೇಲಿನ ಮೇಣಕ್ಕೆ ಗುರುತು ಬಿದ್ದಿದೆ ಎಂದರೆ ಹಲ್ಲಿರುವುದು ಕೆಳಗೆ. ಅದೂ ಸವೆತವನ್ನೇ ಕಾಣದ ಅಂಚು, ಹೊಚ್ಚಹೊಸದು. ತಾತ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ನಲವತ್ತು ವರ್ಷದ ಅನುಭವ ಒಂದೇ ಮಾತು ಹೇಳುತ್ತಿತ್ತು. ಅವರು ಅನುಭವದ ಮಾತು ಮೀರಿದವರಲ್ಲ. ನೇರ ಡಾಕ್ಟ್ರಮ್ಮನಿಗೆ ಫೋನ್ ಮಾಡಿದರು. ಅವರು ತಾತನನ್ನು ಕರೆಯುವುದು ಮೇಷ್ಟ್ರೇ ಎಂದೇ.

“ಡಾಕ್ಟ್ರಮ್ಮ, ಹೆಡ್‌ಮೇಡಂಗೆ ಕೆಳಗಡೆ ಮುಂದೆ ಒಂದು ಹಲ್ಲಿದೆ.”

“ಇಲ್ಲ ಮೇಷ್ಟ್ರೇ. ನಾನೇ ಕಿತ್ತಿದೀನಿ, ಒಂದೂ ಬಿಟ್ಟಿಲ್ಲ.”

“ಹಾಗಾದ್ರೆ ಹೊಸದಾಗಿ ಬರ್ತಿದೆ.”

“ಎಪ್ಪತ್ತೆಂಟನೇ ವಯಸ್ಸಲ್ಲಾ?”

“ಅವರ ವಯಸ್ಸು ನಂಗೊತ್ತಿಲ್ಲ. ಮೇಣ ಹೇಳ್ತಿದೆ, ಮೇಣ ಸುಳ್ಳು ಹೇಳಲ್ಲ.”

ತಾತನ ಮಾತು ಇದುವರೆಗೆ ಸುಳ್ಳಾದದ್ದಿಲ್ಲವಾದ್ದರಿಂದ ಡಾಕ್ಟ್ರಮ್ಮ ಹೆಡ್‌ಮೇಡಂಗೇ ಫೋನ್ ಮಾಡಿ ಕೇಳಿಯೂ ಕೇಳಿದರು. ಹತ್ತು ನಿಮಿಷದಲ್ಲಿ ಉತ್ತರ ಬಂತು. “ಕನ್ನಡಿ ಮುಂದೆ ನಿಂತು ಬೆರಳಾಡಿಸಿ ನೋಡ್ಕೊಂಡರಂತೆ ಮೇಷ್ಟ್ರೇ, ಏನೂ ಇಲ್ವಂತೆ. ಬರೋದಾದ್ರೆ ಬರಲಿ, ನನ್ನ ಅಭ್ಯಂತರ ಏನೂ ಇಲ್ಲ ಅಂತ ನಿಮಗೆ ತಿಳಿಸು ಅಂದ್ರು.” ಡಾಕ್ಟ್ರಮ್ಮ ನಗು ತಡೆದುಕೊಂಡು ಕೇಳಿದರು, “ಅಲ್ಲಾ, ನಿಮ್ಮ ಮನೇಲಿ ಬೇರೆ ಯಾರಾದ್ರೂ ಅದನ್ನ ಕಚ್ಚಿದ್ರಾ ಅಂತ?”

ತಾತ ನಿಧಾನಕ್ಕೆ ಚಾಪೆಯ ಕಡೆ ತಿರುಗಿದರು.

ಕೈ ತೊಳೆದರು. ತೊಳೆದದ್ದು ಸಾಲದೆನಿಸಿ ಇನ್ನೊಮ್ಮೆ ತೊಳೆದರು. ನಿದ್ದೆಯಲ್ಲಿದ್ದ ಮಗುವಿನ ಪಕ್ಕ ಮಂಡಿಯೂರಿ, ಕಿರುಬೆರಳನ್ನು ಕೆಳತುಟಿಯ ಒಳಗೆ ಸರಿಸಿದರು. ಹೆಗ್ಗಣ ನಿದ್ದೆಯಲ್ಲೇ ಕಚ್ಚಿದ. ಚುರ್ ಎಂದಿತು. ತಾತನ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ.

ಸಾವಿರಾರು ಹಲ್ಲು ಮಾಡಿದ ಕೈ ಅದು. ಒಂದೊಂದನ್ನೂ ಬಣ್ಣ ನೋಡಿ, ಅಳತೆ ನೋಡಿ, ಉಜ್ಜಿ, ಕೂರಿಸಿದ್ದು. ಇದೊಂದು ಮಾತ್ರ ಯಾರೂ ಮಾಡದೆ ತನ್ನಷ್ಟಕ್ಕೆ ತಾನೇ ಬಂದಿತ್ತು. ತಾತ ಎದ್ದು ಮೇಜಿನ ಮೇಲಿದ್ದ ಪ್ಲಾಸ್ಟರಿನ ದವಡೆಗಳಿಗೆಲ್ಲ, “ಕೇಳಿದ್ರೇನ್ರಪ್ಪ, ನಮ್ಮವನಿಗೆ ಹಲ್ಲು ಬಂತು,” ಎಂದು ಪಿಸುದನಿಯಲ್ಲಿ ಹೇಳಿದರು. ದವಡೆಗಳೆಲ್ಲ ಮೊದಲೇ ನಗುತ್ತಿದ್ದವು. ಮಗಳಿಗೆ ಹೇಳೋಣವೆಂದು ಫೋನ್ ಎತ್ತಿಕೊಂಡವರು, ನಂಬರಿನ ಮೇಲೆ ಬೆರಳಿಡುವಷ್ಟರಲ್ಲಿ ತಣ್ಣಗಾದರು.

ಹಲ್ಲು ಬಂತು ಎಂದರೆ ಹೇಗೆ ಗೊತ್ತಾಯಿತು ಎಂದು ಕೇಳುತ್ತಾಳೆ. ಹೇಗೆ ಗೊತ್ತಾಯಿತು ಎಂದರೆ ಮೇಣ. ಮೇಣ ಎಲ್ಲಿತ್ತು ಎಂದರೆ ಸ್ಟೂಲಿನ ಮೇಲೆ. ಹೋಯಿತಲ್ಲ ಕತೆ, ಸೋಮವಾರ ಮಗು ಡೇಕೇರಿಗೆ. ಮೇಣದಿಂದ ಮಗುವಿಗೇನೂ ಆಗದು, ಬಾಯಿಗೆಂದೇ ಮಾಡಿದ ಮೇಣ ಅದು; ಆದರೆ ಮೇಣದ ಜಾಗದಲ್ಲಿ ಬಿಡಿ ಹಲ್ಲೊಂದು ಇದ್ದಿದ್ದರೆ? ಅದನ್ನು ನೆನೆದು ತಾತ ಹಲ್ಲಿನ ಡಬ್ಬಿಗಳ ಮುಚ್ಚಳಗಳನ್ನೆಲ್ಲ ಒಂದೊಂದಾಗಿ ಒತ್ತಿ ನೋಡಿದರು. ಮಗಳು ಹೇಳಿದ್ದು ಸರಿಯೇ ಇತ್ತು. ಸರಿ ಇದ್ದದ್ದಕ್ಕೇ ಇನ್ನಷ್ಟು ಹೆದರಿಕೆಯಾಯಿತು.

ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ತಾತ ಒಂದು ಉಪಾಯ ಹೂಡಿದರು. ಹಲ್ಲನ್ನು ಮಗಳೇ ಕಂಡುಹಿಡಿಯಲಿ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೆಡ್‌ಮೇಡಂ ಅವರನ್ನು ನಾಳೆ ಕರೆಸಿ ಇನ್ನೊಂದು ಸಲ ಕಚ್ಚಿಸುವುದಾಗಿ ಡಾಕ್ಟ್ರಮ್ಮ ಒಪ್ಪಿಯಾಗಿತ್ತು. ತಾತ ಮೇಣದ ಲಾಳವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

ಸಂಜೆ ಮಗಳು ಸಲಕರಣೆಯ ಚೀಲ ಇಳಿಸಿ, ಕೈಕಾಲು ತೊಳೆದು, ಮಗುವನ್ನು ಎತ್ತಿಕೊಂಡಳು. ಯಾಕೋ ಅವಳ ಮುಖದಲ್ಲಿ ಒಂದು ಕಳ್ಳ ನಗು ಇತ್ತು. ತಾತ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

“ಇವತ್ತು ಇವನು ಬಾಯಿ ಜಾಸ್ತಿ ತೆಗೀತಿದಾನೆ ಕಣಮ್ಮ. ಏನೂಂತ ನೋಡು.”

“ನಾನೇನ್ ನೋಡ್ಲಿ ಅಪ್ಪ. ಬಾಯಿ ನಿಮ್ಮ ಇಲಾಖೆ. ನೀವೇ ನೋಡಿ.”

“ನನ್ನ ಕನ್ನಡಕ ಎಲ್ಲೋ ಇಟ್ಟಿದೀನಿ.”

“ನಿಮ್ಮ ತಲೆ ಮೇಲಿದೆ.”

ತಾತ ಕನ್ನಡಕವನ್ನು ಮೂಗಿಗಿಳಿಸಿಕೊಂಡು ಕಿಟಕಿಯಾಚೆ ನೋಡಿದರು. ಮಗಳು ಮಗುವನ್ನು ತಾತನ ತೊಡೆಗೆ ದಾಟಿಸಿದಳು. ತಾತ ಅವನನ್ನು ಒಂದು ನಿಮಿಷ ಕುಣಿಸಿ ಅವಳ ತೊಡೆಗೇ ಮರಳಿಸಿದರು. ಅವಳು ಮತ್ತೆ ದಾಟಿಸಿದಳು. ಹೆಗ್ಗಣನಿಗೆ ಈ ಆಟ ಬಹಳ ಹಿಡಿಸಿ ಕೇಕೆ ಹಾಕಿದ. ಕೇಕೆ ಹಾಕಿದಾಗ ಬಾಯಿ ಇಷ್ಟಗಲ ತೆರೆಯಿತು; ಆದರೂ ಇಬ್ಬರಲ್ಲಿ ಒಬ್ಬರಿಗೂ ಏನೂ ಕಾಣಲಿಲ್ಲವಂತೆ.

ಗ್ರಂಥಾಲಯದಿಂದ ಬಂದ ಅಜ್ಜಿ ಗಂಜಿಯ ಬಟ್ಟಲು ಹಿಡಿದು ಕೂತರು. ಮೊದಲ ಚಮಚ ಮಗುವಿನ ಬಾಯಿಗೆ ಹೋಯಿತು. ಟಿಣ್ ಎಂದಿತು. ಸ್ಟೀಲಿಗೆ ಹಲ್ಲು ತಾಗಿದ ಸದ್ದು ಅದು, ಕಿವಿಯಿದ್ದವರು ಯಾರೂ ತಪ್ಪು ತಿಳಿಯುವಂಥದ್ದಲ್ಲ. ತಾತ ಫ್ಯಾನ್ ನೋಡಿದರು. ಮಗಳು ನೆಲ ನೋಡಿದಳು.

“ಏನದು ಸದ್ದು?” ಎಂದರು ಅಜ್ಜಿ.

“ಏನಿಲ್ಲ,” ಎಂದರು ಇಬ್ಬರೂ ಒಟ್ಟಿಗೆ.

ಅಜ್ಜಿ ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು, ಮಗುವಿನ ಬಾಯಿ ನೋಡಿದರು. ನಲವತ್ತು ವರ್ಷ ಸಂಸಾರ ಮಾಡಿದವರಿಗೆ ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಗೊತ್ತಿರುತ್ತದೆ. ಎರಡನೇ ಚಮಚ ತಿನ್ನಿಸಿದರು. ಮತ್ತೆ ಟಿಣ್.

ಮಗಳ ಮುಖದ ನಗು ಅಷ್ಟು ಹೊತ್ತಿಗೆ ಕರಗಿತ್ತು. “ಅಪ್ಪ,” ಎಂದಳು, “ನಿಜವಾಗ್ಲೂ ಕೇಳ್ತಿದೀನಿ. ಇವತ್ತು ನೀವು ಇವನ ಬಾಯಿ ನೋಡಿದ್ರಾ?”

ತಾತ ಜೇಬಿನೊಳಗಿನ ಕರವಸ್ತ್ರವನ್ನು ಹೊರಗಿನಿಂದಲೇ ಮುಟ್ಟಿ ನೋಡಿಕೊಂಡರು. “ಇಲ್ಲಮ್ಮ,” ಎಂದರು. “ಕೆಲಸ ಇತ್ತು ನೋಡು, ಇವತ್ತು ಆಗಲಿಲ್ಲ.”

ಮಗಳು ಮಗುವಿನ ಗಲ್ಲ ಒರೆಸಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, “ಸೋಮವಾರದಿಂದ ಇವನನ್ನ ಡೇಕೇರ್‌ಗೇ ಬಿಡ್ತೀನಿ,” ಎಂದಳು.

ತಾತನಿಗೆ ಕೂತ ಕುರ್ಚಿ ಕುಸಿದಂತಾಯಿತು. “ಯಾಕಮ್ಮ?”

“ನಿನ್ನೆ ರಾತ್ರಿ ಹಾಲು ಕುಡೀವಾಗ ಕಚ್ಚಿದ. ಕೈ ಹಾಕಿ ನೋಡ್ದೆ, ಹಲ್ಲು. ಅಮ್ಮಂಗೂ ಹೇಳ್ಲಿಲ್ಲ, ಇವರಪ್ಪಂಗೂ ಹೇಳ್ಲಿಲ್ಲ. ನೀವು ನೋಡಿ ನನಗೆ ಹೇಳ್ಬೇಕು ಅಂತ ಆಸೆ. ನಂದಂತೂ ನೋಡ್ಲಿಲ್ಲ ಅಂತ ಎಷ್ಟು ಸಲ ಹೇಳಿದೀರಿ ನೀವು. ಬೆಳಗ್ಗೆಯಿಂದ ನಿಮ್ಮ ಫೋನಿಗೆ ಕಾಯ್ತಿದ್ದೆ ಅಪ್ಪ, ಲಿಫ್ಟಿನ ಗುಂಡಿಯೊಳಗೆ ನಿಂತು, ಗ್ಲೌಸ್ ತೆಗೆದಿಟ್ಟು.” ಗಲ್ಲ ಒರೆಸಿದ ಬಟ್ಟೆಯನ್ನು ಮಡಚಿಟ್ಟಳು. “ಇಡೀ ದಿನ ಜೊತೇಲಿದ್ದು ಬಾಯಲ್ಲಿ ಮುಂದೇ ಇರೋ ಹಲ್ಲೇ ನಿಮಗೆ ಕಾಣ್ಲಿಲ್ಲ. ಇನ್ನು ಅವನು ಬಾಯಿಗೆ ಹಾಕ್ಕೊಳ್ಳೋದು ಏನ್ ಕಾಣತ್ತೆ?”

ಮಗುವನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳೇ ಮಗುವನ್ನು ಕಳಿಸಲು ಎದ್ದು ನಿಂತಿತ್ತು. ತಾತ ಜೇಬಿಗೆ ಕೈ ಹಾಕಿದರು. ಕರವಸ್ತ್ರ ಬಿಡಿಸಿ, ಮೇಣದ ಲಾಳವನ್ನು ಮಗಳ ಅಂಗೈ ಮೇಲಿಟ್ಟರು.

“ನೋಡಿದೆ ಕಣಮ್ಮ,” ಎಂದರು. “ಮಧ್ಯಾಹ್ನವೇ ನೋಡಿದೆ. ಇದರಲ್ಲಿ ನೋಡಿದೆ. ಹಾಲು ಉಕ್ಕಿತು ಅಂತ ಒಳಗೆ ಹೋದೆ, ಇದು ಸ್ಟೂಲಿನ ಮೇಲಿತ್ತು, ಅವನು ಕಚ್ಚಿದಾನೆ. ಅದೂ ನನಗೆ ತಿಳೀಲಿಲ್ಲ, ಹೆಡ್‌ಮೇಡಂಗೆ ಹಲ್ಲು ಹುಟ್ತಿದೆ ಅಂತ ಡಾಕ್ಟ್ರಮ್ಮಂಗೆ ಫೋನ್ ಮಾಡ್ದೆ. ಪಾಪ, ಆಯಮ್ಮ ಕನ್ನಡಿ ಮುಂದೆ ನಿಂತು ಹುಡುಕ್ಕೊಂಡರು. ತಪ್ಪು ನಂದೇ. ನಿನಗೆ ಹೇಳಿದ್ರೆ ಇವನನ್ನ ಕರ್ಕೊಂಡು ಹೋಗ್ತೀಯ ಅಂತ ಹೇಳಲಿಲ್ಲ.”

ಅಜ್ಜಿ ಬಟ್ಟಲನ್ನು ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕುತ್ತಿತ್ತು. “ಹೆಡ್‌ಮೇಡಂಗೆ,” ಎಂದರು, ಅದಕ್ಕಿಂತ ಮುಂದೆ ಹೋಗಲಾಗಲಿಲ್ಲ.

ಮಗಳು ಎದ್ದು ದೀಪದ ಕೆಳಗೆ ನಿಂತು ಮೇಣವನ್ನು ವಾರೆಯಾಗಿ ಹಿಡಿದಳು. ಗೆರೆ ಕಂಡಿತು. ಅದರ ಮೇಲೆ ಉಗುರಾಡಿಸಿದಳು. ಅವಳಿಗೂ ನಗು ಬಂತು, ಅಳುವೂ ಬಂತು, ಯಾವುದನ್ನು ಮೊದಲು ಕಳಿಸುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಳು.

“ಫಾಲ್ಟ್ ಕಂಡರೆ ನಿಲ್ಲಿಸ್ತೀನಿ ಅಂತ ನಾನು ಹೇಳಿದ್ದು ನಿಜ,” ಎಂದಳು ಕೊನೆಗೆ. “ಗುಜರಿಗೆ ಹಾಕ್ತೀನಿ ಅಂದಿದ್ನಾ ಅಪ್ಪ? ನಿಲ್ಲಿಸೋದು ಯಾಕೆ, ರಿಪೇರಿಗೆ ತಾನೆ. ಫಾಲ್ಟ್ ಹೇಳದೆ ಮುಚ್ಚಿಟ್ಟರೆ ರಿಪೇರಿ ಹೆಂಗ್ ಮಾಡ್ಲಿ?”

ಮಗಳು ಚೀಲದಿಂದ ಟೇಪು ತೆಗೆದು ಮುಂದಿನ ಕೋಣೆಗೆ ನಡೆದಳು. ಮೇಜಿನ ಉದ್ದ ಅಳೆದಳು, ಗೋಡೆಯಿಂದ ಗೋಡೆಗೆ ಅಳೆದಳು, ತಾತನ ಕುರ್ಚಿ ಹಿಂದಕ್ಕೆ ಸರಿದರೆ ಎಷ್ಟು ಜಾಗ ಬೇಕು ಎಂದು ಅವರನ್ನೇ ಕೂರಿಸಿ ಅಳೆದಳು.

ಶನಿವಾರ ಅಳಿಯ ಬಂದ. ಮರದ ಪಟ್ಟಿಗಳು ಬಂದವು. ಗಂಡ ಹೆಂಡತಿ ಇಬ್ಬರೂ ಸೇರಿ ದಿನವಿಡೀ ಕೊರೆದು, ಬಡಿದು, ಉಜ್ಜಿ, ತಾತನ ಮೇಜಿನ ಸುತ್ತ ಸೊಂಟದೆತ್ತರದ ಕಟಕಟೆ ಕಟ್ಟಿದರು. ಸರಳುಗಳ ನಡುವೆ ಮಗುವಿನ ಕೈ ತೂರಿದರೂ ಮೇಜು ಸಿಗದಷ್ಟು ದೂರ. ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಸರಿಯಾಗಿ ಮುಚ್ಚದಿದ್ದರೆ ಕೆಂಪು ದೀಪ ಹತ್ತುತ್ತಿತ್ತು. ಅಜ್ಜಿ ಪುಸ್ತಕ ಹಿಡಿದು ನೋಡುತ್ತಾ ಕೂತರು. “ಮಗೂನ ಕೂಡಿ ಹಾಕೋದನ್ನ ಕೇಳಿದ್ದೆ,” ಎಂದರು. “ಮುದುಕರನ್ನ ಕೂಡಿ ಹಾಕಿ ಮಗೂನ ಹೊರಗೆ ಬಿಡೋದು ಇದೇ ಮೊದಲು.”

ಆ ಗದ್ದಲದ ನಡುವೆಯೇ ತಾತ ಹೆಡ್‌ಮೇಡಂ ಅವರ ಸೆಟ್ ಮುಗಿಸಿ ಕಳಿಸಿದ್ದರು. ಭಾನುವಾರ ಮೇಡಂ ಮುಕ್ಕಾಲು ಗಂಟೆ ಭಾಷಣ ಮಾಡಿದರಂತೆ. ಹಲ್ಲು ಒಂದು ಸಲವೂ ಅಲುಗಲಿಲ್ಲ, ಭಾಷಣವನ್ನು ನಿಲ್ಲಿಸಲು ಮಾತ್ರ ಯಾರಿಂದಲೂ ಆಗಲಿಲ್ಲ ಎಂದು ಡಾಕ್ಟ್ರಮ್ಮ ವರದಿ ಕೊಟ್ಟರು.

ಸೋಮವಾರ ಹನ್ನೊಂದರ ಹೊತ್ತಿಗೆ ತಾತ ಕಟಕಟೆಯೊಳಗೆ ಕೂತು ಯಾರದೋ ದವಡೆಯ ಹಲ್ಲು ಜೋಡಿಸುತ್ತಿದ್ದರು. ಹೊರಗಿನ ಕೋಣೆಯಷ್ಟೂ ಹೆಗ್ಗಣನದು. ಅವನು ಕಾಲೊರಸು ಬಿಟ್ಟು ತೆವಳುತ್ತಾ ಬಂದು, ಸರಳಿಗೆ ಕೈ ಹಾಕಿ, ತಾತನನ್ನು ನೋಡಿ ಏನೋ ಕೂಗಿದ. ಆಮೇಲೆ ಎರಡೂ ಕೈಯಿಂದ ಸರಳು ಹಿಡಿದು ಮೇಲೆ ಎಳೆದುಕೊಂಡ. ಹಿಂಭಾಗ ಎದ್ದಿತು. ಒಂದು ಮಂಡಿ ನೆಲ ಬಿಟ್ಟಿತು, ಇನ್ನೊಂದೂ ಬಿಟ್ಟಿತು. ಎರಡು ಪಾದ ನೆಲಕ್ಕೂರಿ, ನಡುಗುತ್ತಾ, ಕಟಕಟೆಯ ನಡುವಿನ ಅಡ್ಡಪಟ್ಟಿಯನ್ನು ಬ್ಯಾಲೆನ್ಸಿಗೆಂದು ಬಾಯಲ್ಲಿ ಕಚ್ಚಿ ಹಿಡಿದು, ಅವನು ನಿಂತ.

ತಾತ ಚೂರಿ ಕೆಳಗಿಟ್ಟರು. ಮಗುವಿನ ಮೇಲಿಂದ ಕಣ್ಣು ತೆಗೆಯದೆ ತಡಕಾಡಿ ಫೋನ್ ಎತ್ತಿಕೊಂಡರು. ಮಗಳು ಒಂದೇ ರಿಂಗಿಗೆ ತೆಗೆದಳು.

“ನಿಂತಿದಾನೆ,” ಎಂದರು ತಾತ.

“ಯಾರು ಹಿಡ್ಕೊಂಡಿದಾರೆ?”

“ಯಾರೂ ಇಲ್ಲ. ಅವನೇ. ಮತ್ತೆ, ನಿನ್ನ ಕಟಕಟೆಗೆ ಹಲ್ಲಿನ ಗುರುತು ಬಿತ್ತು, ಅದನ್ನೂ ಹೇಳಿಬಿಡ್ತೀನಿ.”

ಆ ಕಡೆ ಸಲಕರಣೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿಸಿತು.

“ಅಪ್ಪ,” ಎಂದಳು ಮಗಳು, “ಅವನು ಬೀಳೋವರೆಗೂ ಫೋನ್ ಇಡಬೇಡಿ.”

ತಾತ ಇಡಲಿಲ್ಲ.